ತಪ್ಪೆಲ್ಲ ಹಿಡಿದ ಕೈಯದು

ಹೊಸ ಫೋನು ಮಹಾ ಬುದ್ಧಿವಂತ. ಚಂದ್ರನ ಗುಳಿಗಳನ್ನು ಎಣಿಸುವಷ್ಟು ಜೂಮ್ ಇದೆ. ಮುಖ ನೋಡಿ ಬೀಗ ತೆಗೆಯುತ್ತದೆ. ನಾನು ಬರೆಯಬೇಕಾದ ಪತ್ರವನ್ನು ತಾನೇ ಬರೆದುಕೊಡುತ್ತದೆ. ಮದುವೆ ಫೋಟೊದಲ್ಲಿ ಹಿಂದೆ ಬಂದು ನಿಂತ ಬೇಡದ ನೆಂಟರನ್ನು ಗುರುತೇ ಇಲ್ಲದಂತೆ ಅಳಿಸುತ್ತದೆ. ಬೇಕಾದ ನೆಂಟರ ಜೊತೆ ಮಾತಾಡುವುದಕ್ಕೆ ಮಾತ್ರ ಬಾಲ್ಕನಿಗೆ ಹೋಗಬೇಕು. ಬಾಲ್ಕನಿಯಲ್ಲೂ ಎಲ್ಲೆಂದರಲ್ಲಿ ಆಗದು. ಎಡಮೂಲೆ, ತುಳಸಿ ಕುಂಡದ ಪಕ್ಕ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ತಲೆ ಬಗ್ಗಿಸಿ ನಿಲ್ಲಬೇಕು. ಅಲ್ಲಿ ಎರಡು ಕಡ್ಡಿ ಬರುತ್ತದೆ.

ಆ ಎರಡು ಕಡ್ಡಿಯನ್ನು ನಂಬಿ ಮೊನ್ನೆ ಊರಿನಿಂದ ಬಂದ ಚಿಕ್ಕಮ್ಮನ ಕರೆ ಎತ್ತಿದೆ. ‘ದೊಡ್ಡಪ್ಪ ಹೋಗ್ಬಿಟ್ರು ಕಣೋ...’ ಅಷ್ಟೇ, ಕಟ್. ತಿರುಗಿ ಮಾಡಿದರೆ ಚಿಕ್ಕಮ್ಮ ವ್ಯಾಪ್ತಿ ಪ್ರದೇಶದ ಹೊರಗೆ. ಮನೆಯಲ್ಲಿ ಒಲೆ ಆರಿತು. ಹೆಂಡತಿ ಮೈಸೂರಿಗೆ ತಿಳಿಸಿದಳು, ಮೈಸೂರಿನವರು ಹುಬ್ಬಳ್ಳಿಗೆ ತಿಳಿಸಿದರು. ಹುಬ್ಬಳ್ಳಿಯವರಿಗೆ ಮಾತು ಅರ್ಧವೇ ಕೇಳಿಸಿ, ಯಾವ ದೊಡ್ಡಪ್ಪ ಎಂಬುದು ಗೊತ್ತಾಗದೆ, ಇನ್ನೊಂದು ಮನೆಗೂ ಸೂತಕ ಹಂಚಿಬಿಟ್ಟರು. ಬೆಳಗಿನ ಜಾವ ಬಾಗಿಲು ತೆಗೆದರೆ, ರಾತ್ರಿ ಬಸ್ಸಿನಿಂದ ಇಳಿದ ದೊಡ್ಡಪ್ಪ ಹಲಸಿನ ಹಪ್ಪಳದ ಕಟ್ಟು ಹಿಡಿದು ನಿಂತಿದ್ದಾರೆ. ‘ದೊಡ್ಡಪ್ಪ ಹೋಗ್ಬಿಟ್ರು ಕಣೋ, ಚಾರ್ಜರ್ ಬಿಟ್ಟು ಬಸ್ಸಿಗೆ’ ಅನ್ನುವುದು ಚಿಕ್ಕಮ್ಮನ ಪೂರ್ಣ ವಾಕ್ಯ. ದೊಡ್ಡಪ್ಪ ನಮ್ಮ ಮುಖಗಳನ್ನು ನೋಡಿ ಕೇಳಿದರು: ‘ಎಲ್ಲ ಸಪ್ಪಗಿದೀರಲ್ಲ, ಯಾರು ಹೋದ್ರು?’

ದೂರು ಕೊಟ್ಟೆ. ಸಿಮ್ ಕಂಪನಿಯವರು ‘ನಮ್ಮ ಕಡೆಯಿಂದ ಸಿಗ್ನಲ್ ಚೆನ್ನಾಗಿದೆ ಸರ್, ಹ್ಯಾಂಡ್‌ಸೆಟ್ ತೋರಿಸಿ’ ಎಂದರು. ಹ್ಯಾಂಡ್‌ಸೆಟ್ ಸರ್ವಿಸ್ ಸೆಂಟರಿನ ಹುಡುಗ ಸಿಮ್ ತೆಗೆದು, ಪ್ಯಾಂಟಿಗೆ ಒರೆಸಿ, ಮತ್ತೆ ಹಾಕಿ, ‘ಫೋನ್ ಪರ್ಫೆಕ್ಟ್ ಸಾರ್, ನಿಮ್ಮ ಬಿಲ್ಡಿಂಗ್ ಪ್ರಾಬ್ಲಂ’ ಎಂದ. ಬಿಲ್ಡರನ್ನು ಕೇಳಿದರೆ ಕಾಂಕ್ರೀಟಿಗೆ ಎಷ್ಟು ಕಬ್ಬಿಣ ಹಾಕಿದ್ದೇನೆಂದು ಹೆಮ್ಮೆಯಿಂದ ಲೆಕ್ಕ ಒಪ್ಪಿಸಿದ. ಕೊನೆಗೆ ಕಾಲ್ ಸೆಂಟರಿನ ತಂಗಿಯೊಬ್ಬಳು ಬಹಳ ಮೃದುವಾಗಿ ಕೇಳಿದಳು, ‘ಸರ್, ನೀವು ಫೋನ್ ಹೇಗೆ ಹಿಡ್ಕೋತೀರಿ?’

ಈ ಪ್ರಶ್ನೆಗೆ ಘನವಾದ ಇತಿಹಾಸವಿದೆ. 2010ರಲ್ಲಿ ಐಫೋನ್ 4 ಬಂದಾಗ ಅದರ ಸುತ್ತಲಿನ ಉಕ್ಕಿನ ಪಟ್ಟಿಯೇ ಆಂಟೆನಾ ಆಗಿತ್ತು. ಕೆಳಗಿನ ಎಡಮೂಲೆಯಲ್ಲಿ ಪಟ್ಟಿಯ ನಡುವೆ ಸಣ್ಣ ಸೀಳು. ಅಲ್ಲಿಗೆ ಅಂಗೈ ತಾಗಿದರೆ ಸಿಗ್ನಲ್ ಕುಸಿಯುತ್ತಿತ್ತು. ಗ್ರಾಹಕನೊಬ್ಬ ಮಿಂಚಂಚೆಯಲ್ಲಿ ಗೋಳು ತೋಡಿಕೊಂಡಾಗ ಸ್ಟೀವ್ ಜಾಬ್ಸ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ಹಾಗೆ ಹಿಡಿಯಬೇಡಿ. ಗಲಾಟೆ ಜೋರಾದಾಗ ಕಂಪನಿ ಇನ್ನೊಂದು ಸತ್ಯ ಹೊರಗಿಟ್ಟಿತು. ಕಡ್ಡಿ ಎಣಿಸುವ ತಮ್ಮ ಸೂತ್ರವೇ ತಪ್ಪಾಗಿತ್ತಂತೆ. ಎರಡು ಕಡ್ಡಿ ತೋರಿಸಬೇಕಾದ ಕಡೆ ಕೆಲವೊಮ್ಮೆ ನಾಲ್ಕು ತೋರಿಸುತ್ತಿತ್ತಂತೆ. ಅಪ್‌ಡೇಟ್ ಬಿಟ್ಟು ಸೂತ್ರ ತಿದ್ದಿದರು. ಜ್ವರ ಇಳಿಯದಿದ್ದರೇನು, ಥರ್ಮಾಮೀಟರ್ ರಿಪೇರಿಯಾಯಿತು. ಮೇಲೆ ಎಲ್ಲರಿಗೂ ಪುಕ್ಕಟೆ ಕವರ್ ಹಂಚಿದರು.

ಅಂದಹಾಗೆ, ಕಡ್ಡಿಯನ್ನು ನಂಬಿ ಕೆಟ್ಟವರು ಅಮೆರಿಕದವರು ಮಾತ್ರವಲ್ಲ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಎಂಬುದಕ್ಕೆ ಜಗತ್ತಿನಲ್ಲಿ ಒಂದೇ ಅಳತೆ ಎಂಬುದಿಲ್ಲ. ಫೋನ್ ಮಾಡಿದವನ ದಯೆ ಇದ್ದಷ್ಟು. ನಿಜವಾದ ಸಂಖ್ಯೆ ಸೆಟ್ಟಿಂಗ್ಸ್‌ನ ಪಾತಾಳದಲ್ಲಿ ಮೈನಸ್ ಚಿಹ್ನೆಯೊಂದಿಗೆ ಅಡಗಿರುತ್ತದೆ: ಮೈನಸ್ 80ರ ಆಸುಪಾಸು ಇದ್ದರೆ ನೆಮ್ಮದಿ, ಮೈನಸ್ 110 ದಾಟಿದರೆ ದೇವರೇ ಗತಿ. ಮೇಲ್ಗಡೆ ಮಿನುಗುವ 5ಜಿ ಕೂಡ ಒಡವೆಯೇ. ಕರೆ ಬಂದ ಕ್ಷಣ ಎಷ್ಟೋ ಫೋನುಗಳು ಸದ್ದಿಲ್ಲದೆ 4ಜಿಗೆ ಇಳಿದು ಮಾತಾಡಿಸುತ್ತವೆ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್ ರಾಮ್ ಅವರಿಗೆ. ಮುಖ್ಯಮಂತ್ರಿ ಕೇಂದ್ರ ದೂರಸಂಪರ್ಕ ಮಂತ್ರಿಗೇ ಮಾಡಿದ್ದರಿಂದ ಯಾರೂ ತುಳಸಿ ಕುಂಡದ ಪಕ್ಕ ನಿಲ್ಲಬೇಕಾಗಲಿಲ್ಲ. ನಮಗೆ ನಿಂತು ನಿಂತು ಕಾಲು ನೋವು ಬಂದ ಮೇಲೆ, 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಕರುಣೆ ಹುಟ್ಟಿತು. ಕರೆ ಕಡಿದರೆ ಗ್ರಾಹಕನಿಗೆ ಒಂದು ರೂಪಾಯಿ ಕೊಡಿ, ದಿನಕ್ಕೆ ಮೂರು ಕರೆಗಳಿಗಷ್ಟೇ ಎಂದು ಕಂಪನಿಗಳಿಗೆ ಆದೇಶಿಸಿತು. ಅಂದರೆ ನಾಲ್ಕನೆಯ ಸಲ ಕಡಿದರೆ ಅದು ನಿಮ್ಮ ಹವ್ಯಾಸ. ಆ ಮೂರು ರೂಪಾಯಿಗೂ ಕಂಪನಿಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. 2016ರ ಮೇ ತಿಂಗಳಲ್ಲಿ ಆದೇಶ ಬಿದ್ದುಹೋಯಿತು. ಯಾರ ತಪ್ಪೆಂದು ನೋಡದೆ ದಂಡ ಹಾಕುವುದು ನ್ಯಾಯವಲ್ಲ ಎಂಬ ವಾದಕ್ಕೆ ಆಧಾರ ಒದಗಿಸಿದ್ದು ಟ್ರಾಯ್‌ನದೇ ತಾಂತ್ರಿಕ ಟಿಪ್ಪಣಿ: ಸರಾಸರಿ ಶೇ 36.9ರಷ್ಟು ಕರೆ ಕಡಿತಕ್ಕೆ ಗ್ರಾಹಕರ ಕಡೆಯೇ ಕಾರಣವಂತೆ! ಕೊಟ್ಟ ಕೈಯಿಂದಲೇ ಕಿತ್ತುಕೊಳ್ಳುವುದನ್ನು ಇಷ್ಟು ನಿಖರವಾಗಿ, ದಶಮಾಂಶ ಸಮೇತ ಮಾಡಿದ ಇನ್ನೊಂದು ಇಲಾಖೆ ನನಗೆ ಗೊತ್ತಿಲ್ಲ. ದಶಮಾಂಶದ ಆಚೆಗಿರುವ ಆ ಒಂಬತ್ತು ಬಹುಶಃ ನಮ್ಮ ಚಿಕ್ಕಮ್ಮ.

ಆಮೇಲೆ ಇನ್ನೂ ಚೆಂದದ ಸಂಶಯವೊಂದು ಎದ್ದಿತು. ಸಿಗ್ನಲ್ ಸತ್ತರೂ ಕರೆಯನ್ನು ಕಡಿಯದೆ, ಇನ್ನೂ ಜೀವ ಇದೆ ಎಂಬಂತೆ ಹಿಡಿದಿಡಬಹುದು. ರೇಡಿಯೊ ಲಿಂಕ್ ಟೈಮ್‌ಔಟ್ ಎಂಬ ಅವಧಿಯನ್ನು ಹಿಗ್ಗಿಸಿದರೆ ಸಾಕು. ಆ ಕಡೆಯವರ ದನಿ ಬರುವುದಿಲ್ಲ, ಪರದೆಯ ಮೇಲೆ ಸೆಕೆಂಡುಗಳು ಮಾತ್ರ ಓಡುತ್ತಲೇ ಇರುತ್ತವೆ. ನಾವು ‘ಹಲೋ... ಹಲೋ... ಕೇಳ್ತಿದ್ಯಾ?’ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿ, ರೋಸಿಹೋಗಿ, ಕೆಂಪು ಗುಂಡಿ ನಾವೇ ಒತ್ತುತ್ತೇವೆ. ಲೆಕ್ಕದಲ್ಲಿ ಅದು ಕಡಿದ ಕರೆಯಲ್ಲ, ಗ್ರಾಹಕರು ಮಾತು ಮುಗಿಸಿ ತೃಪ್ತಿಯಿಂದ ಇಟ್ಟ ಕರೆ. ಕಂಪನಿಗಳು ಹಾಗೇನೂ ಇಲ್ಲವೆಂದವು. ಇದ್ದರೂ ಇರಲಿ ಬಿಡಿ. ಶೇ 2ಕ್ಕಿಂತ ಹೆಚ್ಚು ಕರೆ ಕಡಿಯಬಾರದು ಎಂಬ ನಿಯಮ ಪಾಲಿಸಲು ಇದಕ್ಕಿಂತ ಅಹಿಂಸಾತ್ಮಕ ದಾರಿ ಯಾವುದಿದೆ?

ನಮ್ಮ ಬಡಾವಣೆಯವರೂ ಕಡಿಮೆ ಏನಲ್ಲ. ‘ಇಲ್ಲಿ ಟವರ್ ಬೇಡ, ರೇಡಿಯೇಷನ್’ ಎಂದು ಸಂಘದ ಮನವಿ ಸಿದ್ಧವಾಯಿತು. ನಮ್ಮ ದೇಶದ ವಿಕಿರಣ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಎಂದು ಯಾರೋ ಹೇಳಲು ಹೋದರು, ಕುಳ್ಳಿರಿಸಿದರು. ಮನವಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಕಾರ್ಯದರ್ಶಿ ನೀರಿನ ಟ್ಯಾಂಕ್ ಹತ್ತಬೇಕಾಯಿತು.

ಇದೆಲ್ಲ ಬಾಲ್ಕನಿ ಇರುವವರ ಸಂಕಟ. ಮಲೆನಾಡಿನ ಹಳ್ಳಿಗಳಲ್ಲಿ ಕರೆ ಕಡಿಯುತ್ತದೆ ಎಂದು ಯಾರೂ ಗೊಣಗುವುದಿಲ್ಲ. ಕಡಿಯಲು ಮೊದಲು ಸೇರಬೇಕಲ್ಲ. ಕೊರೊನಾ ಕಾಲದಲ್ಲಿ ಮಕ್ಕಳು ಮಳೆಗಾಲದ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತು ಆನ್‌ಲೈನ್ ಪಾಠ ಕೇಳಿದರು. ಬೇಸತ್ತ ಊರುಗಳು ‘ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ’ ಎಂದು ಬೋರ್ಡ್ ನಿಲ್ಲಿಸಿದವು. ಆ ಬೋರ್ಡಿನ ಫೋಟೊ ಹೊರಜಗತ್ತಿಗೆ ಕಳಿಸಲಿಕ್ಕೂ ಗುಡ್ಡವನ್ನೇ ಹತ್ತಬೇಕು. ಟವರ್ ಇರುವ ಊರಿನವರೂ ಬೀಗುವಂತಿಲ್ಲ. ಮಳೆಗೆ ಕರೆಂಟ್ ಹೋಗಿ, ಬ್ಯಾಟರಿ ಮುಗಿದು, ಜನರೇಟರಿಗೆ ಡೀಸೆಲ್ ಬಾರದಿದ್ದರೆ ಟವರ್ ಬರೀ ಕಬ್ಬಿಣ. ಹಾಳಾದ ಸಾಲ ಕೊಡುವ ಕಂಪನಿಯವರ ಕರೆ ಮಾತ್ರ ಸ್ಪಷ್ಟವಾಗಿ, ಶುದ್ಧ ಹಿಂದಿಯಲ್ಲಿ, ಹೇಗೋ ತಲುಪುತ್ತದೆ.

ಇಷ್ಟಾದ ಮೇಲೂ ಹೋರಾಡುವ ಛಲ ಇದ್ದವರಿಗೆ ದಾರಿ ಇದೆ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ. ಕರೆ ಉಳಿದರೆ ದೂರು ಸಂಖ್ಯೆ ಕೊಡುತ್ತಾರೆ, ಅದನ್ನು ಗೋಡೆ ಕ್ಯಾಲೆಂಡರಿನ ಮೇಲಾದರೂ ಬರೆದುಕೊಳ್ಳಿ. ಉತ್ತರ ಸರಿ ಕಾಣದಿದ್ದರೆ 30 ದಿನದೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನೇರವಾಗಿ ಟ್ರಾಯ್‌ಗೆ ಬರೆದು ಪ್ರಯೋಜನವಿಲ್ಲ, ಒಬ್ಬೊಬ್ಬರ ದೂರು ಅದು ವಿಚಾರಿಸುವುದಿಲ್ಲ. ಮೇಲ್ಮನವಿ ಪ್ರಾಧಿಕಾರವನ್ನು ನೇಮಿಸುವುದು ಅದೇ ಕಂಪನಿ.