ಜ್ವಾಲಾ ಮೀಮಾಂಸಕರು

ನಗರದ ಹಳೆಯ ಬಡಾವಣೆಗಳಲ್ಲಿ, ಮಹಡಿಯ ಮೇಲಣ ತಗಡಿನ ಕೊಠಡಿಯೊಳಗೆ ಕೆಲಸದ ಮೇಜೊಂದನ್ನು ಹಾಕಿಕೊಂಡು, ನಿವೃತ್ತಿಯ ಸಂಜೆಗಳನ್ನು ಲೋಹದ ಸಹವಾಸದಲ್ಲಿ ಕಳೆಯುವ ಗೃಹಸ್ಥರ ಒಂದು ವರ್ಗವಿದೆ. ಇವರಲ್ಲಿ ಬೆಸೆಯುವವರು ಕೆಲವರು, ಯಾವ ಅನಿಲದಿಂದ ಬೆಸೆಯಬೇಕೆಂದು ವಿಚಾರ ಮಾಡುವವರು ಉಳಿದವರು, ಮತ್ತು ಈ ಎರಡನೆಯ ಪಂಗಡವನ್ನೇ ಇಲ್ಲಿ ಜ್ವಾಲಾ ಮೀಮಾಂಸಕರೆಂದು ಕರೆಯಲಾಗಿದೆ. ಅವರ ಶಾಸ್ತ್ರದ ವಿಷಯ ಬ್ರೇಜಿಂಗ್, ಅಂದರೆ ಜೋಡಿಸಬೇಕಾದ ಲೋಹಗಳನ್ನು ಕರಗಿಸದೆ, ಅವುಗಳಿಗಿಂತ ಬೇಗನೆ, ಆದರೆ 450 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕರಗುವ ಇನ್ನೊಂದು ಲೋಹವನ್ನು ಸಂದಿಯೊಳಕ್ಕೆ ಹರಿಸಿ ಬೆಸೆಯುವ ವಿಧಾನ. ಅದಕ್ಕಿಂತ ಕೆಳಗಿನ ಕಾವಿನಲ್ಲಿ ನಡೆಯುವ ರೇಡಿಯೋ ರಿಪೇರಿಯವರ ಸೀಸ-ತವರದ ಬೆಸುಗೆಯನ್ನು ಅವರು ಹುಡುಗಾಟವೆಂದು ಭಾವಿಸುತ್ತಾರೆ. ಅಕ್ಕಸಾಲಿಗಳು ತಲೆಮಾರುಗಳಿಂದ ಊದುಗೊಳವೆ, ದೀಪದ ಕುಡಿ ಮತ್ತು ಚಿಟಿಕೆ ಬಿಳಿಗಾರದಿಂದಲೇ ಒಡವೆಗಳನ್ನು ಬೆಸೆದುಕೊಂಡು ಬಂದಿದ್ದಾರೆಂಬ ಸಂಗತಿಯನ್ನು ಅವರೆದುರು ಎತ್ತುವುದು, ಊಟದ ಹೊತ್ತಿಗೆ ಮನೆ ಸೇರಬೇಕೆಂದಿರುವವರಿಗೆ ಕ್ಷೇಮವಲ್ಲ.

ಮೀಮಾಂಸಕರನ್ನು ಗುರುತಿಸುವುದು ಸುಲಭ: ಅವರ ಚರ್ಮದ ಏಪ್ರನ್ನಿನ ಮೇಲೆ ಒಂದೂ ಸುಟ್ಟ ಕಲೆ ಇರುವುದಿಲ್ಲ, ಅವರ ಅರಗಳು ಉದ್ದದ ಕ್ರಮದಲ್ಲಿ ಗೋಡೆಯ ಮೇಲೆ ತೂಗುತ್ತಿರುತ್ತವೆ ಮತ್ತು ಯಾರಿಗೂ ಕಡವಾಗಿ ಸಿಗುವುದಿಲ್ಲ, ಮದುವೆಮನೆಯಲ್ಲಿ ಅವರು ವಧೂವರರಿಗಿಂತ ಮೊದಲು ಅಡುಗೆಯವರ ದೊಡ್ಡ ಒಲೆಯ ಉರಿಯ ಬಣ್ಣವನ್ನು ನೋಡುತ್ತಾರೆ. ಹೆಣ್ಣು ಹೆತ್ತವರು ವರಗಳ ಜಾತಕ ತಿರುವುವಂತೆ ಅವರು ಅನಿಲಗಳನ್ನು ಒಂದೊಂದಾಗಿ ಪರಿಶೀಲಿಸಿ, ಪ್ರತಿಯೊಂದರಲ್ಲೂ ಒಂದು ದೋಷವನ್ನು ಕಂಡು ಪಕ್ಕಕ್ಕಿಡುತ್ತಾರೆ. ಅಸಿಟಿಲೀನ್ ಆಮ್ಲಜನಕದೊಡನೆ ಸುಮಾರು 3,100 ಡಿಗ್ರಿಯ ಜ್ವಾಲೆಯನ್ನು ಕೊಡುತ್ತದೆ, ಆದರೆ ಆ ಕಾವು ಒಳಗಿನ ಚಿಕ್ಕ ಶಂಕುವಿನ ತುದಿಯಲ್ಲಿ ಗುಂಪುಗೂಡುವುದರಿಂದ ತೆಳು ತಗಡಿಗೆ ತೂತು ಬೀಳುವ ಭಯವಿದೆ. ಮೇಲಾಗಿ ಹೆಚ್ಚಿನ ಒತ್ತಡಕ್ಕೆ ಸಿಕ್ಕರೆ ಗಾಳಿಯ ನೆರವಿಲ್ಲದೆಯೂ ಸಿಡಿಯಬಲ್ಲ ಅನಿಲವಾದ್ದರಿಂದ, ಸಿಲಿಂಡರಿನೊಳಗಿನ ರಂಧ್ರಮಯ ಪದಾರ್ಥಕ್ಕೆ ಅಸಿಟೋನ್ ಎಂಬ ದ್ರವವನ್ನು ಹೀರಿಸಿ, ಆ ದ್ರವದಲ್ಲಿ ಅದನ್ನು ಕರಗಿಸಿ ಇಡಬೇಕಾಗುತ್ತದೆ. ಪ್ರೊಪೇನ್ ಆಮ್ಲಜನಕದೊಡನೆ ಸುಮಾರು 2,800 ಡಿಗ್ರಿಯನ್ನು ಮುಟ್ಟುತ್ತದೆ ಮತ್ತು ಹೊರಜ್ವಾಲೆಯಲ್ಲಿ ಕಾವನ್ನು ಅಗಲವಾಗಿ ಹರಡುವುದರಿಂದ ಬ್ರೇಜಿಂಗಿಗೆ ಒಪ್ಪುತ್ತದೆ, ಆದರೆ ಒಂದು ಪಾಲು ಅಸಿಟಿಲೀನ್ ಪೂರ್ತಿ ಉರಿಯಲು ಎರಡೂವರೆ ಪಾಲು ಆಮ್ಲಜನಕ ಸಾಕಾದರೆ ಪ್ರೊಪೇನಿಗೆ ಐದು ಪಾಲು ಬೇಕು. ಬರಿಯ ಗಾಳಿಯೊಡನೆ ಉರಿಸಿದರೆ ಆ ಖರ್ಚು ತಪ್ಪುತ್ತದೆ, ಆದರೆ ಜ್ವಾಲೆ 2,000 ಡಿಗ್ರಿಯನ್ನು ದಾಟುವುದಿಲ್ಲ. ಅಸಿಟಿಲೀನ್ ಮತ್ತು ಪ್ರೊಪೇನ್‌ಗಳ ನಡುವಿನ ಸಂಧಾನದಂತಿದ್ದ ಮ್ಯಾಪ್ ಎಂಬ ಮಿಶ್ರಾನಿಲದ ತಯಾರಿಕೆ 2008ರಲ್ಲಿ ಉತ್ತರ ಅಮೆರಿಕದಲ್ಲಿ ನಿಂತುಹೋಗಿ, ಈಗ ಅದರ ಹೆಸರು ಹೊತ್ತ ಹಳದಿ ಡಬ್ಬಿಗಳಲ್ಲಿ ಬಹುಮಟ್ಟಿಗೆ ಪ್ರೊಪಿಲೀನ್ ಇರುವುದು ಮೀಮಾಂಸಕರ ಖಾಸಗಿ ಶೋಕವಾಗಿದ್ದು, ಆ ಡಬ್ಬಿಯನ್ನು ಎಂದೂ ಕೈಯಲ್ಲಿ ಹಿಡಿಯದವರಲ್ಲಿ ಈ ಶೋಕ ಇನ್ನೂ ಗಾಢವಾಗಿರುತ್ತದೆ. ಉಳಿದದ್ದು ಅಡುಗೆಮನೆಯ 14.2 ಕಿಲೋ ಸಿಲಿಂಡರು. ಅದನ್ನು ಅಡುಗೆಯಲ್ಲದ ಕೆಲಸಕ್ಕೆ ಬಳಸುವುದನ್ನು ಕಾನೂನು ನಿಷೇಧಿಸುತ್ತದೆ, ಮತ್ತು ಕಾನೂನಿಗಿಂತ ಮೊದಲು, "ಅದನ್ನ ಮುಟ್ಟಿದ್ರೆ ನಾಳೆಯಿಂದ ಸಾರು ನೀವೇ ಮಾಡ್ಕೊಳ್ಳಿ" ಎಂಬ ಗೃಹಿಣಿಯ ಆಜ್ಞೆ ನಿಷೇಧಿಸುತ್ತದೆ.

ಈ ಪ್ರವೃತ್ತಿಯ ನಿದರ್ಶನವಾಗಿ ಒಂದು ತಾಮ್ರದ ಕೊಡದ ಚರಿತ್ರೆಯನ್ನು ವಿವರವಾಗಿ ದಾಖಲಿಸುವುದು ಉಚಿತ. ಕುತ್ತಿಗೆಯ ಬಳಿ ಸೀಳುಬಿಟ್ಟ ಆ ಕೊಡವನ್ನು, ರಾಯರೆಂಬ ಇಂಥ ಮೀಮಾಂಸಕರೊಬ್ಬರ ನೆರೆಮನೆಯವರು (ಆ ಮನೆಯ ಒಳವಿಚಾರಗಳು ಪ್ರಸ್ತುತ ಅಧ್ಯಯನಕ್ಕೆ ಇಷ್ಟು ಸವಿವರವಾಗಿ ಹೇಗೆ ದೊರೆತವೆಂದು ಓದುಗರು ಕೇಳಬಾರದು) ಯುಗಾದಿಯ ಮರುವಾರ ಅವರಿಗೆ ಒಪ್ಪಿಸಿದರು. ರಾಯರು ಕೊಡವನ್ನು ತೂಗಿದರು, ದಪ್ಪ ಅಳೆದರು, ಬೆಳ್ಳಿಬೆರೆತ ಕೆಲವು ಬ್ರೇಜಿಂಗ್ ರಾಡುಗಳಲ್ಲಿ ಕ್ಯಾಡ್ಮಿಯಮ್ ಎಂಬ ವಿಷಲೋಹ ಇರುವುದರಿಂದ ಕುಡಿಯುವ ನೀರಿನ ಪಾತ್ರೆಗೆ ಅವು ಸಲ್ಲವೆಂದು ಎಚ್ಚರಿಸಿದರು, ತಾಮ್ರವು ಕೊಟ್ಟ ಕಾವನ್ನೆಲ್ಲ ಮೈತುಂಬ ಹಂಚಿಕೊಳ್ಳುವುದರಿಂದ ಅನಿಲದ ಆಯ್ಕೆಯೇ ಇಲ್ಲಿ ನಿರ್ಣಾಯಕವೆಂದು ಸಾರಿದರು; ಇವೆಲ್ಲವೂ ಸರಿಯಾದ ಮಾತುಗಳೇ ಆಗಿದ್ದುದರಿಂದ ಕೊಡವನ್ನು ಮರಳಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಶ್ರಾವಣದಲ್ಲಿ ಅಸಿಟಿಲೀನ್ ತಿರಸ್ಕೃತವಾಯಿತು, ಗಣೇಶನ ಹಬ್ಬದ ಹೊತ್ತಿಗೆ ಅದಕ್ಕೆ ಪುನಃ ಕ್ಷಮೆ ದೊರೆಯಿತು, ಮತ್ತು ದೀಪಾವಳಿಯ ನೀರು ತುಂಬುವ ಹಬ್ಬದಂದು ನೆರೆಮನೆಯಲ್ಲಿ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿಸಿಕೊಂಡು ಪೂಜೆಗೆ ಕುಳಿತದ್ದು ಒಂದು ಪ್ಲಾಸ್ಟಿಕ್ ಬಕೆಟ್ಟು.

ಕೊನೆಗೊಂದು ದಿನ ರಾಯರ ಮನೆಯ ಫ್ರಿಜ್ಜಿನ ಕೊಳವೆ ಸೋರಿ, ರಿಪೇರಿಗೆ ಬಂದ ಹುಡುಗ ಚಿಕ್ಕ ಎಲ್‌ಪಿಜಿ ಮತ್ತು ಆಮ್ಲಜನಕದ ಸಿಲಿಂಡರುಗಳನ್ನು ಹೂಡಿದಾಗ, ಅವರ ಶ್ರೀಮತಿಯವರು "ಇದನ್ನೂ ಒಂದ್ ಕೈ ನೋಡಪ್ಪ" ಎಂದು ಕೊಡವನ್ನು ಅವನ ಮುಂದಿಟ್ಟರು. ಅವನು ಸೀಳನ್ನು ಉಜ್ಜಿ ಹೊಳಪುಮಾಡಿ, ಜ್ವಾಲೆಯನ್ನು ಒಂದೆಡೆ ನಿಲ್ಲಿಸದೆ ಸುತ್ತಲೂ ಆಡಿಸಿ, ತಾಮ್ರ ಕೆಂಪೇರಿದೊಡನೆ ರಾಡನ್ನು ಮುಟ್ಟಿಸಿದ. ತಾಮ್ರ-ರಂಜಕದ ಆ ರಾಡು ಸುಮಾರು 710 ಡಿಗ್ರಿಯಲ್ಲಿ ಕರಗತೊಡಗುವಂಥದ್ದಾದ್ದರಿಂದ ಮತ್ತು ತಾಮ್ರ ಕರಗಲು 1,085 ಡಿಗ್ರಿ ಬೇಕಾದ್ದರಿಂದ, ಕೊಡಕ್ಕೆ ಏನೂ ಆಗದೆ, ಬಿಳಿಗಾರದ ಹಂಗೂ ಇಲ್ಲದೆ, ಕಾಫಿ ಬರುವ ಮೊದಲೇ ಬೆಸುಗೆ ಮುಗಿದಿತ್ತು. ರಾಯರು ಅಸಮಾಧಾನಪಡುವರೆಂದು ನೆರೆಯವರು ಕಾತರದಿಂದ, ಪ್ರಾಯಶಃ ಕೊಂಚ ಆಸೆಯಿಂದಲೂ, ಕಾದರು. ಆದರೆ ಅವರು ಹುಡುಗ ಅಡ್ಡ ಮಲಗಿಸಿದ್ದ ಎಲ್‌ಪಿಜಿ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಮಲಗಿಸಿದರೆ ಅನಿಲದ ಬದಲು ದ್ರವವೇ ಟಾರ್ಚಿಗೆ ನುಗ್ಗಿ ಉರಿ ಭುಗಿಲೇಳಬಹುದೆಂದು ಹೇಳಿದರು. ಅಲ್ಲಿಯವರೆಗೆ ಯಾರೂ ಅದನ್ನು ತನಗೆ ಹೇಳಿಕೊಟ್ಟಿರಲಿಲ್ಲವೆಂದ ಆ ಹುಡುಗ, ಹೊರಡುವ ಆತುರ ಬಿಟ್ಟು ಇನ್ನೂ ಎರಡು ಪ್ರಶ್ನೆ ಕೇಳಿದ.

ಆ ಪ್ರಶ್ನೆಗಳಿಗೆ ಉತ್ತರಿಸುವಾಗ ಮೀಮಾಂಸಕರ ಮುಖದಲ್ಲಿ ಕಂಡ ಗೆಲುವು ಈ ವರ್ಗದ ಬಗ್ಗೆ ಇರುವ ಸಿಡುಕನ್ನು ಬಹಳಷ್ಟು ಕಡಿಮೆ ಮಾಡುತ್ತದೆ. ಬೆಸುಗೆ ನಿಲ್ಲುವುದು ಅನಿಲದ ಹೆಸರಿನಿಂದಲ್ಲ, ಶುಚಿಯಾದ ಅಂಚು, ಕೂದಲೆಳೆಯಷ್ಟು ಸಂದಿ ಮತ್ತು ರಾಡಿಗೆ ಕೊಡದೆ ಪಾತ್ರೆಗೆ ಕೊಟ್ಟ ಕಾವಿನಿಂದ ಎಂಬುದು ಅವರಿಗೆ ತಿಳಿಯದ್ದಲ್ಲ. ಆದರೆ ಉದ್ಯೋಗದ ಇಡೀ ಅವಧಿಯಲ್ಲಿ ಕಾಗದದ ಮೇಲೆ ಷರಾ ಬರೆದವರು ಅವರು, ಟಾರ್ಚು ಹಿಡಿದವರು ಬೇರೆಯವರು, ಮತ್ತು ಆ ಅಂತರ ನಿವೃತ್ತಿಯ ನಂತರವೂ ಅವರ ಕೈಯಲ್ಲಿ ಉಳಿದುಬಿಟ್ಟಿದೆ. ಏಕೆ ಎಂಬುದನ್ನು ಬಲ್ಲವರಿಗೆ ಕೇಳುವವರಿಲ್ಲ, ಹೇಗೆ ಎಂಬುದನ್ನು ಬಲ್ಲವರಿಗೆ ಹೇಳುವವರಿಲ್ಲ; ಇಬ್ಬರೂ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದರೂ ಅವರನ್ನು ಭೇಟಿಮಾಡಿಸಲು ಒಂದು ಫ್ರಿಜ್ಜು ಕೆಡಬೇಕಾಗುತ್ತದೆ. ಬರಹವು ಉಪದೇಶದತ್ತ ವಾಲುತ್ತಿರುವುದರಿಂದ ಶಾಸ್ತ್ರಕ್ಕೆ ಮರಳುವುದಾದರೆ, ಮನೆಯ ಚಿಕ್ಕ ತಾಮ್ರದ ಕೊಳವೆಗಳಿಗೆ ಗಾಳಿಯೊಡನೆ ಉರಿಯುವ ಪ್ರೊಪೇನ್ ಟಾರ್ಚು ಸಾಕು, ದೊಡ್ಡ ಪಾತ್ರೆಗಳಿಗೆ ಆಮ್ಲಜನಕವನ್ನು ಕೂಡಿಸಬೇಕು. ಇದನ್ನು ಮೀಮಾಂಸಕರಿಗೆ ತಿಳಿಸುವ ಅಗತ್ಯವಿಲ್ಲ: ಅವರ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ, ಅವರದೇ ಅಕ್ಷರದಲ್ಲಿ, ಈ ತೀರ್ಮಾನವಿದೆ, ಮುಂದಿನ ಪುಟಗಳೆಲ್ಲ ಅದಕ್ಕೆ ಅವರೇ ಎತ್ತಿರುವ ಆಕ್ಷೇಪಗಳು.