ಮಾಳಿಗೆಯ ಮೇಲೊಂದು ಒಲೆ

ಬೀದರಿನಲ್ಲಿ ಚಳಿ ಬಿತ್ತೆಂದರೆ ಎರಡು ರೋಗ ಏಳುತ್ತವೆ. ಒಂದು ಕೆಮ್ಮು, ಅದಕ್ಕೆ ಔಷಧಿ ಉಂಟು. ಇನ್ನೊಂದು, ಪಿಂಚಣಿದಾರರಿಗೆ ಹಳೆಯ ರೊಟ್ಟಿಯ ನೆನಪು, ಅದಕ್ಕಿಲ್ಲ. ಗ್ಯಾಸಿನ ಮೇಲೆ ಬೇಯಿಸಿದ ಜೋಳದ ರೊಟ್ಟಿ ರೊಟ್ಟಿಯೇ ಅಲ್ಲವೆಂದು ನಾನು ಕಂಡುಹಿಡಿದದ್ದು ನಿವೃತ್ತನಾದ ಮೇಲೆ. ಅಲ್ಲಿಯವರೆಗೆ ಅದನ್ನೇ ತಿಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ್ದೆ.

ಎಳ್ಳ ಅಮಾವಾಸ್ಯೆಗೆ ಭಾಲ್ಕಿಯಿಂದ ಅಕ್ಕ, ಭಾವ ಬರುವವರಿದ್ದರು. ನಮ್ಮ ಭಾಗದಲ್ಲಿ ಆ ದಿನ ಭಜ್ಜಿ, ಅಂಬಲಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುವುದು ಪದ್ಧತಿ. ಔರಾದ ಕಡೆಯ ನಮ್ಮ ಹೊಲ ಪಾಲಿಗೆ ಹೋಗಿ, ಅವ್ವ ನಮ್ಮೊಂದಿಗೆ ಬೀದರಿಗೆ ಬಂದು ಎಷ್ಟೋ ಕಾಲವಾಯಿತು. ಹೊಲವಿಲ್ಲದವನಿಗೆ ಮಾಳಿಗೆಯೇ ಹೊಲ ಎಂದು, ಮೇಲಿನ ತಗಡಿನ ಶೆಡ್ಡಿನಲ್ಲಿ ಕಟ್ಟಿಗೆ ಒಲೆ ಹಾಕಿಯೇ ಬಿಡುವುದೆಂದು ಘೋಷಿಸಿದೆ.

‘ಮನ್ಯಾಗ ಎರಡು ಸಿಲಿಂಡರ್ ಅವ. ನಿಮಗ ಹೊಗಿ ಬೇಕಾಗಿದ್ರ ಊದಿನಕಡ್ಡಿ ಹಚ್ಕೋರಿ’ ಎಂದಳು ನಮ್ಮ ಮನಿಯಾಕಿ.

ಆದರೆ ನಾನೇನು ಮೂರು ಕಲ್ಲಿಟ್ಟು ಬೆಂಕಿ ಹಾಕುವವನೇ? 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು, ಹಳ್ಳಿಯ ಅಡುಗೆಮನೆಗೆಂದು ಅಲ್ಲಿಯವರು ‘ಅಸ್ತ್ರ ಒಲೆ’ ರೂಪಿಸಿದರು ಎಂಬುದೆಲ್ಲ ನನಗೆ ಬಾಯಿಪಾಠ. ಕಬ್ಬಿಣದ ಜಾಲರಿಯ ಮೇಲೆ ಕಟ್ಟಿಗೆ, ಕೆಳಗಿನಿಂದ ಗಾಳಿ. ಬಿಸಿ ಒಂದು ಪಾತ್ರೆಯ ಅಡಿಯಿಂದ ಮತ್ತೊಂದರ ಅಡಿಗೆ ನುಸುಳಿ, ಕೊನೆಗೆ ಹೊಗೆಯೊಂದೇ ಕೊಳವೆ ಹತ್ತಿ ಹೊರಗೆ ಹೋಗಬೇಕು. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ ಊರೂರಿಗೆ ಇಂಥ ಒಲೆ ಹಾಕಿಸಿತು. ಹಾಗೆ ಹಾಕಿಸಿದ ಎಷ್ಟೋ ಒಲೆಗಳು ಕೊಳವೆ ತಿಕ್ಕುವವರಿಲ್ಲದೆ ಮೂಲೆ ಸೇರಿದವು. ಕಥೆಯ ಈ ಭಾಗ ಮಾತ್ರ ನನ್ನ ಬಾಯಿಪಾಠದಲ್ಲಿ ಇರಲಿಲ್ಲ.

ಒಲೆ ಎದ್ದಿತು. ಕಟ್ಟಿಗೆ ಅಡ್ಡೆಯಿಂದ ಜಾಲಿಯ ತುಂಡುಗಳು ಬಂದವು. ಹಚ್ಚಿದೆ. ಹೊಗೆ ಬಂತು. ಊದುಗೊಳವಿ ಹಿಡಿದು ಊದಿದೆ. ಇನ್ನಷ್ಟು ಹೊಗೆ ಬಂತು. ಬೆಂಕಿ ಮಾತ್ರ ಬರಲಿಲ್ಲ. ಕೊರೊನಾ ಕಾಲದ ಸ್ಯಾನಿಟೈಜರ್ ಬಾಟಲಿ ಮೂಲೆಯಲ್ಲಿತ್ತು. ಅದರತ್ತ ನನ್ನ ಕೈ ಹೋದದ್ದನ್ನು ಅವ್ವ ನೋಡಿಬಿಟ್ಟಳು. ಬಾಟಲಿ ಕಿತ್ತುಕೊಂಡು ಮನಿಯಾಕಿಯ ಕೈಗೆ ಕೊಟ್ಟು, ಎರಡು ಕಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದಳು. ಧಪ್ ಎಂದಿತು. ಹಳೆಯ ಮಂಚದ ಮುರಿದ ಕಾಲುಗಳನ್ನು ತಂದು ಹಾಗೇ ಬಡಿದಳು. ಠಣ್ ಎಂದಿತು.

‘ಕೇಳಿಸ್ತೇನು? ಹಸಿ ಕಟ್ಟಿಗಿ ತಂದಿ ನೋಡು ತಮ್ಮಾ. ಇದು ಒಲಿಗಲ್ಲ, ಕಣ್ಣೀರಿಗಿ.’

ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಆ ನೀರು ಆವಿಯಾಗುವ ತನಕ ಬೆಂಕಿಗೆ ಬೇರೆ ಕೆಲಸಕ್ಕೆ ಪುರುಸೊತ್ತಿಲ್ಲ. ಬೇಸಿಗೆಯಲ್ಲಿ ನಮ್ಮೂರಿನಲ್ಲಿ ನೀರಿಗೂ ರೊಕ್ಕ ಕೊಡುತ್ತೇವೆ, ನಿಜ. ಕಿಲೋ ಲೆಕ್ಕದಲ್ಲಿ ಕೊಂಡವನು ಬಹುಶಃ ನಾನೊಬ್ಬನೇ.

ಕೊಳವೆಯದು ಇನ್ನೊಂದು ಪ್ರತಾಪ. ಬಿಸಿ ಗಾಳಿ ಹಗುರ, ಮೇಲೇರುತ್ತದೆ ಎಂದು ಸೇವೆಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಏರಿತು ಕೂಡ. ನಾನು ಇಟ್ಟ ಕೊಳವೆಯ ಬಾಯಿ ಮೆಟ್ಟಿಲ ಕೋಣೆಯ ಗೋಡೆಗಿಂತ ಗಿಡ್ಡಗಿತ್ತು. ಗೋಡೆಗೆ ಬಡಿದ ಗಾಳಿ ಹೊಗೆಯನ್ನು ಹಿಡಿದು ಕೆಳಗೆ ಒತ್ತಿತು; ಅರ್ಧ ನಮ್ಮ ಮನೆಯೊಳಕ್ಕೆ, ಅರ್ಧ ಪಕ್ಕದ ಮನೆಯವರು ಒಣಹಾಕಿದ ಬಿಳಿ ಪಂಚೆಗಳ ಮೇಲಕ್ಕೆ. ‘ಸರ್, ಫೈರ್ ಬ್ರಿಗೇಡಿಗಿ ಫೋನ್ ಹಚ್ಲೇನ್ರಿ?’ ಎಂದು ಅವರು ಕೂಗಿ ಕೇಳಿದರು. ವ್ಯಂಗ್ಯವಿದ್ದೀತೆಂದು ಆಮೇಲೆ ಅನಿಸಿತು. ಆಗ ನಾನು ‘ಸ್ವಲ್ಪ ತಡೀರಿ’ ಎಂದೆ.

ಕೊಳವೆ ಎತ್ತರಿಸಿದ್ದಾಯಿತು. ಭಾವ ಭಾಲ್ಕಿಯಿಂದ ಹೋದ ವರ್ಷದ ತೊಗರಿ ಕಟ್ಟಿಗೆ ಕಳಿಸಿದರು. ಇದು ಹಿಂದಿನದರ ತದ್ವಿರುದ್ಧ. ಒಂದು ಹೊರೆಯನ್ನು ಒಮ್ಮೆಗೇ ತುರುಕಿದೆ. ಭುಗ್ಗೆಂದು ಜ್ವಾಲೆ ಒಲೆಯ ಬಾಯಿಂದ ಹೊರಗೆ ಬಂದು ನನ್ನ ಹುಬ್ಬು ಸವರಿಕೊಂಡು ಹೋಯಿತು. ‘ಬೆಂಕಿಗಿ ತುತ್ತು ಕೊಡಬೇಕು, ಬುಟ್ಟಿ ಅಲ್ಲ’ ಎಂದಳು ಅವ್ವ. ನನ್ನ ಲುಂಗಿಯನ್ನೂ ಸೀರೆ ಕಚ್ಚೆಯಂತೆ ಎತ್ತಿ ಕಟ್ಟಿಸಿದಳು. ಒಲೆಯ ಮುಂದೆ ಜೋತಾಡುವ ಬಟ್ಟೆ ಇರಕೂಡದಂತೆ.

ಅಮಾವಾಸ್ಯೆಗೆ ಮುಂಚೆಯೇ ಒಲೆ ಮತ್ತೆ ಕೆಮ್ಮತೊಡಗಿತು. ಹಸಿ ಜಾಲಿಯ ಹೊಗೆ ಕೊಳವೆಯೊಳಗೆ ಜಿಡ್ಡು ಮಸಿಯಾಗಿ ಕೂತಿತ್ತು. ಅದನ್ನು ಹಾಗೇ ಬಿಟ್ಟರೆ ದಾರಿ ಕಟ್ಟುವುದಷ್ಟೇ ಅಲ್ಲ, ಒಂದು ದಿನ ಕೊಳವೆಯೊಳಗೇ ಹೊತ್ತಿಕೊಳ್ಳಬಹುದು. ಕೊಳವೆ ತಿಕ್ಕುವವನು ಒಲೆ ಆರಿದ ಮೇಲೆ, ಮೂಗುಬಾಯಿ ಕಟ್ಟಿಕೊಂಡು, ಮೇಲಿನಿಂದ ತಿಕ್ಕಬೇಕು. ನಾನು ಕೆಳಗೆ ಕೂತು, ತಲೆಯೆತ್ತಿ, ಬಿದಿರಿನ ಕೋಲಿನಿಂದ ಚುಚ್ಚಿದೆ. ಬಿದರಿ ಪಾತ್ರೆಗೆ ಕಡೆಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ಉಜ್ಜುತ್ತಾರಲ್ಲ, ಸತುವೆಲ್ಲ ಕಪ್ಪಾಗಿ ಬೆಳ್ಳಿಯ ಗೆರೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕೆಳಗಿಳಿದು ಬಂದ ನನ್ನಲ್ಲಿ ಬೆಳ್ಳಗೆ ಉಳಿದದ್ದು ಮೀಸೆಯೊಂದೇ. ಮೊಮ್ಮಗಳು ಫೋಟೊ ತೆಗೆದು ಭಾಲ್ಕಿಗೆ ಕಳಿಸಿದಳು.

ಹಬ್ಬದ ದಿನ ಅವ್ವ, ಅಕ್ಕ ಸೇರಿ ನನ್ನನ್ನು ಮೆಟ್ಟಿಲಾಚೆ ಕೂಡಿಸಿ ಒಲೆ ಹಚ್ಚಿದರು. ಭಜ್ಜಿ ಕುದಿಯಿತು, ರೊಟ್ಟಿ ಉಬ್ಬಿದವು. ಇದರಲ್ಲಿ ಬರೆಯುವಂಥದ್ದೇನೂ ಇಲ್ಲ. ಗೊತ್ತಿದ್ದವರು ಮಾಡಿದರೆ ಹಾಗೇ ಆಗುತ್ತದೆ.

ಬರೆಯಬೇಕಾದದ್ದು ಆ ರಾತ್ರಿಯದು. ಚಳಿ ಎಲುಬಿಗೆ ಇಳಿಯುತ್ತಿತ್ತು. ಉಳಿದ ಕೆಂಡವನ್ನು ಶೇಗಡಿಗೆ ತುಂಬಿ, ಮಲಗುವ ಕೋಣೆಗೆ ತಂದು, ಕಿಟಕಿ ಹಾಕಿ, ಬಾಗಿಲ ಸಂದಿಗೆ ಚಾದರ ತುರುಕಿದೆ. ಕೆಂಡದಲ್ಲಿ ಹೊಗೆಯಿಲ್ಲ, ಹೊಗೆಯಿಲ್ಲದಿದ್ದರೆ ಅಪಾಯವೂ ಇಲ್ಲ ಎಂಬುದು ನನ್ನ ತರ್ಕ. ಅವ್ವ ಬಂದು ಬಾಗಿಲು ನೂಕಿದಳು. ‘ಕೆಂಡಾರೆ ಹೊರಗ ಇಡು, ಇಲ್ಲಾಂದ್ರ ನೀನಾರೆ ಹೊರಗ ಮಲಕೋ.’ ಮುಚ್ಚಿದ ಕೋಣೆಯಲ್ಲಿ ಕೆಂಡ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಇದೆಲ್ಲ ರಸಾಯನಶಾಸ್ತ್ರದ ಪಾಠ, ನಾನು ಭೌತಶಾಸ್ತ್ರದವನು ಎಂಬ ಸಮಜಾಯಿಷಿಯನ್ನು ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ತಣ್ಣಗೆ ಕಂಡ ಬೂದಿಯನ್ನು ಬಾಚಿ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದೆ. ಬೂದಿಯ ಹೊದಿಕೆಯಡಿ ಕೆಂಡ ರಾತ್ರಿಯಿಡೀ ಜೀವ ಹಿಡಿದುಕೊಂಡಿತ್ತು. ಚಹಾ ಕುಡಿದು ಬಂದು ಬಕೆಟ್ ಎತ್ತಿದರೆ ಹಿಡಿಕೆ, ಅಂಚು ಮೇಲೆ ಬಂದವು. ತಳ ಮಾಳಿಗೆಗೆ ಅಂಟಿಕೊಂಡು ಅಲ್ಲೇ ಉಳಿಯಿತು. ಈಗಲೂ ಇದೆ.

ಅಂದಿನಿಂದ ಒಲೆ ಅವ್ವನ ವಶ, ಬೂದಿ ಖಾತೆ ನನ್ನದು. ಪಾತ್ರೆ ತಿಕ್ಕಲು, ಗಿಡಕ್ಕೆ ಹಾಕಲು ಯಾರಿಗಾದರೂ ಬೂದಿ ಬೇಕಿದ್ದರೆ ಬಂದು ಒಯ್ಯಬಹುದು. ತಗಡಿನ ಡಬ್ಬಿ ತನ್ನಿ, ಮುಚ್ಚಳ ಇರಲಿ. ನಾಳೆ ಬನ್ನಿ, ಇವತ್ತಿನದು ಇನ್ನೂ ಬಿಸಿ ಇದೆ.