ಸಲಾಮಿಗೆ ದೂರದಿಂದಲೇ ಸಲಾಮು

ನಮ್ಮ ಕಲಬುರಗಿಯಲ್ಲಿ ಮುಂಜಾನೆ ಓಣಿಗಿಳಿದರೆ ಎರಡು ಬಗೆಯ ನಮಸ್ಕಾರ ಸಿಗುತ್ತವೆ. ಅಪ್ಪನ ಗುಡಿಗೆ ಹೋಗಿ ಬಂದವರು ‘ಶರಣ್ರೀ’ ಅಂತಾರೆ, ದರ್ಗಾದ ಕಡೆಯವರು ‘ಸಲಾಂ’ ಅಂತಾರೆ. ಎರಡಕ್ಕೂ ಎತ್ತುವ ಕೈ ಒಂದೇ ಆದ್ದರಿಂದ ನನಗೆ ಇದುವರೆಗೆ ತೊಂದರೆಯಾಗಿಲ್ಲ. ಹೋದ ಮೇ ತಿಂಗಳಲ್ಲಿ ಮಾತ್ರ ಮೂರನೆಯದೊಂದು ನೇರ ಮನೆಯೊಳಗೇ ಬಂತು.

ತಂದವನು ನನ್ನ ಹೆಂಡತಿಯ ಅಣ್ಣನ ಮಗ. ಬೆಂಗಳೂರಲ್ಲಿ ನೌಕರಿ, ಸಂಜೆ ಜಿಮ್ಮು. ಕಮಲಾಪುರದ ಅಜ್ಜಿಯನ್ನು ನೋಡಲು ಹೊರಟವನು ನಮ್ಮಲ್ಲಿ ಒಂದು ರಾತ್ರಿ ಇಳಿದಿದ್ದ. ದೊಡ್ಡ ಚೀಲದೊಳಗಿಂದ ಬೆಳ್ಳಿ ಬಣ್ಣದ ಸಣ್ಣ ಚೀಲ ತೆಗೆದ; ಅದರೊಳಗಿಂದ ಐಸಿನ ತುಂಡು; ಐಸಿನ ನಡುವಿನಿಂದ ಒಂದು ಚಪ್ಪಟೆ ಪಾಕೀಟು. “ಮಾಮಾ, ಸಲಾಮಿ” ಅಂದ. ಬಾಗಿಲಲ್ಲಿ ನಿಂತಿದ್ದ ಎದುರುಮನೆಯ ಸಾಹೇಬರು ಅರ್ಧ ಕೇಳಿಸಿಕೊಂಡು “ವಾಲೇಕುಂ ಸಲಾಂ ಬೇಟಾ” ಅಂದುಬಿಟ್ಟರು.

ಪಾಕೀಟು ಕೈಗೆ ತಗೊಂಡು ನೋಡಿದೆ. ಒಂದರ ಬೆನ್ನಿಗೊಂದು ಆತು ಮಲಗಿದ ದುಂಡನೆಯ ಬಿಲ್ಲೆಗಳು. ಎಲ್ಲವೂ ಒಂದೇ ಅಳತೆ, ಒಂದೇ ದಪ್ಪ. ಕೋಳಿಯದು ಎಂದು ಬರೆದಿತ್ತು; ಆದರೆ ಕೋಳಿಯ ಮೈಯಲ್ಲಿ ಇಷ್ಟು ದುಂಡಗಿನ ಜಾಗ ಯಾವುದೆಂದು ನನಗೆ ಹೊಳೆಯಲಿಲ್ಲ. ಬಣ್ಣವೋ, ಮದುವೆ ಮನೆಯ ಪೇಟದ ಗುಲಾಬಿ. ಪಾರಸಿ ಬಲ್ಲವರು ಗುಲ್ಬರ್ಗ ಅಂದರೆ ಹೂವಿನ ಎಸಳು ಎಂದು ಅರ್ಥ ಹೇಳುತ್ತಿದ್ದರು. 2014ರಲ್ಲಿ ಊರಿನ ಹೆಸರೇ ಅಧಿಕೃತವಾಗಿ ಕಲಬುರಗಿ ಆಗಿ, ಎಸಳು ಉದುರಿ ಕಲ್ಲು ಉಳಿಯಿತು. ಆ ಎಸಳು ಹೀಗೆ ಪ್ಲಾಸ್ಟಿಕ್ಕಿನಲ್ಲಿ ವಾಪಸು ಬರುತ್ತದೆಂದು ಅಂದುಕೊಂಡಿರಲಿಲ್ಲ.

ಬಿಪಿ ಗುಳಿಗೆ ಶುರುವಾದ ದಿನದಿಂದ ನನಗೊಂದು ಚಟ ಅಂಟಿದೆ. ಯಾವ ಪಾಕೀಟು ಕಂಡರೂ ಮೊದಲು ಅದರ ಬೆನ್ನು ನೋಡುವುದು. ಹೆಣ್ಣು ನೋಡಲು ಹೋದವರು ಮುಖ ಬಿಟ್ಟು ಮನೆತನ ವಿಚಾರಿಸಿದಂತೆ. ಸಲಾಮಿಯ ಬೆನ್ನಲ್ಲಿ ಇರುವೆಸಾಲಿನ ಅಕ್ಷರ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಓದಿದೆ: ನೂರು ಗ್ರಾಮಿಗೆ ಸೋಡಿಯಂ 900 ಮಿಲಿಗ್ರಾಂ. ಇದನ್ನು ಉಪ್ಪಿನ ಭಾಷೆಗೆ ತರಬೇಕೆಂದರೆ ಎರಡೂವರೆಯಿಂದ ಗುಣಿಸಬೇಕು. ಎರಡೂಕಾಲು ಗ್ರಾಂ ಉಪ್ಪಾಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನವಿಡೀ ಕೊಟ್ಟಿರುವ ಪಡಿತರ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಗೆಲ್ಲ ಅದರಲ್ಲೇ ಪಾಲು ಕೊಡಬೇಕಾದ ಬಡವನಿಗೆ ಈ ಹೊಸ ಪಾಲುದಾರ ದುಬಾರಿಯೇ.

ಉಪ್ಪಿನ ಕೆಳಗೆ ಇನ್ನೊಂದು ಹೆಸರು: ಐಎನ್ಎಸ್ 250. ಪೊಲೀಸ್ ಪೇದೆಯ ಎದೆಯ ಮೇಲಿನ ನಂಬರಿನ ಹಾಗೆ. ಇದು ಸೋಡಿಯಂ ನೈಟ್ರೈಟು. ಗುಲಾಬಿ ಬಣ್ಣದ ಗುಟ್ಟು ಇದೇ. ಬೇಯಿಸಿದ ಮಾಂಸ ಕಂದಾಗುವುದು ಲೋಕರೂಢಿ. ಇದು ಸೇರಿದರೆ ಗುಲಾಬಿಯಾಗಿಯೇ ಉಳಿಯುತ್ತದೆ. ಬರೀ ಸಿಂಗಾರಕ್ಕೆ ಹಾಕಿದ್ದೂ ಅಲ್ಲ. ಗಾಳಿಯಾಡದ ಮಾಂಸದಲ್ಲಿ ಬೆಳೆದು ಮಾರಕ ವಿಷ ಕಕ್ಕುವ ಬಾಟುಲಿನಂ ಎಂಬ ಸೂಕ್ಷ್ಮಾಣುವನ್ನು ಇದು ತಡೆಯುತ್ತದೆ. ಕಾವಲುಗಾರನೆಂದು ಇಟ್ಟುಕೊಂಡವನೇ ಹೊಟ್ಟೆಯೊಳಗೆ ಹೋದ ಮೇಲೆ ನೈಟ್ರೋಸಮೀನುಗಳೆಂಬ ಕೆಟ್ಟವರ ಸಹವಾಸ ಕಟ್ಟುವುದು ಮಾತ್ರ ತಕರಾರಿನ ವಿಷಯ. ಹಿಂದೆ ಇದರ ಕೆಲಸವನ್ನು ಪೆಟ್ಲುಪ್ಪು ಮಾಡುತ್ತಿತ್ತು. ಹೌದು, ಕೋವಿಮದ್ದಿಗೆ ಹಾಕುವ ಅದೇ ಪೆಟ್ಲುಪ್ಪು; ಮಾಂಸದೊಳಗಿನ ಬ್ಯಾಕ್ಟೀರಿಯಾ ಅದನ್ನು ನಿಧಾನಕ್ಕೆ ನೈಟ್ರೈಟು ಮಾಡುತ್ತವೆ. ನಮ್ಮ ಕೋಟೆಯ ಮೇಲೆ 29 ಅಡಿ ಉದ್ದದ್ದೆಂದು ನಾವು ಬಂದವರಿಗೆಲ್ಲ ಕೊಚ್ಚಿಕೊಳ್ಳುವ ತೋಪಿದೆಯಲ್ಲ, ಅದರ ಹೊಟ್ಟೆಗೆ ತುಂಬುತ್ತಿದ್ದ ಮದ್ದಿಗೂ ಯುರೋಪಿನವರು ಹಂದಿತೊಡೆಗೆ ಸವರುತ್ತಿದ್ದ ಉಪ್ಪಿಗೂ ನೆಂಟಸ್ತಿಕೆ ಇದೆ ಎಂದರೆ ಗೈಡುಗಳು ಖುಷಿಪಟ್ಟಾರು.

“ಪ್ರೋಟೀನ್ ನೋಡ್ರಿ ಮಾಮಾ, 13 ಗ್ರಾಂ” ಅಂದ ಹುಡುಗ. ತೊಗರಿಯ ಕಣಜದಲ್ಲಿ ಕೂತವನ ಮುಂದೆ ಪ್ರೋಟೀನ್ ಮಾತೇ! ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನೂರು ಗ್ರಾಮಿಗೆ 22 ಗ್ರಾಂ ಪ್ರೋಟೀನ್ ಇದೆ ಎಂದು ಎದೆಯುಬ್ಬಿಸಿದೆ. “ಅದು ಹಸಿ ಬ್ಯಾಳಿ ಲೆಕ್ಕ. ಕುದಿಸಿದ ಮ್ಯಾಲ ನೀರು ಕೂಡ್ತದಲ್ರೀ” ಅಂದ. ಜಿಮ್ಮಿಗೆ ಹೋಗುವವರಿಗೆ ತೋಳು ಮಾತ್ರ ಬೆಳೆಯುತ್ತದೆ ಎಂದು ತಿಳಿದಿದ್ದೆ. ಸುಮ್ಮನಾದೆ.

ಮರುದಿನ ಮೂವರೂ ಬೀದರ್ ಕಡೆಯ ರೈಲು ಹತ್ತಿದೆವು. ಈ ಮಾರ್ಗ ಶುರುವಾದದ್ದು 2017ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಹೆಂಡತಿಯ ತವರಿಗೆ ಬಸ್ಸಿನ ಕಿಟಕಿಯ ಸರಳು ಹಿಡಿದೇ ಹೋಗಬೇಕಿತ್ತು. ಹೊರಗೆ ನಮ್ಮ ಖ್ಯಾತ ಬಿಸಿಲು. ಈ ಬಿಸಿಲನ್ನು ಬೈಯುವವರು ಬಹಳ; ಅದು ನಮ್ಮೂರಿನ ಅತಿ ದೊಡ್ಡ ಕಾರ್ಖಾನೆ ಎಂದು ಯಾರೂ ಹೇಳುವುದಿಲ್ಲ. ಕರೆಂಟು ಬಿಲ್ಲಿಲ್ಲದೆ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸಿಕೊಡುತ್ತದೆ. ಹುಡುಗನ ಬೆಳ್ಳಿ ಚೀಲ ಮಾತ್ರ ಅದರ ಎದುರು ಬೆವರತೊಡಗಿತು. ಅವನು ಐದೈದು ನಿಮಿಷಕ್ಕೆ ಜಿಪ್ಪು ಸರಿಸಿ ಒಳಗೆ ಇಣುಕುತ್ತಿದ್ದ, ತೊಟ್ಟಿಲ ಕೂಸನ್ನು ನೋಡಿದ ಹಾಗೆ. ಎದುರು ಕೂತ ಹೆಣ್ಣುಮಗಳು ಕನಿಕರದಿಂದ “ಇನ್ಸುಲಿನ್ ಏನ್ರೀ ಯಪ್ಪಾ? ಯಾರಿಗೆ?” ಎಂದು ಕೇಳಿದಳು.

ಕಮಲಾಪುರ ಹತ್ತಿರವಾದಂತೆ ನೆಲದ ಬಣ್ಣ ಬದಲಾಗುತ್ತದೆ. ಕಲಬುರಗಿಯ ಕರಿ ಎರೆ ಮುಗಿದು ಕೆಮ್ಮಣ್ಣು ಶುರು. ಆ ಮಣ್ಣಿನ ಬಣ್ಣವನ್ನೇ ಸಿಪ್ಪೆಯ ಮೇಲೆ ಹೊದ್ದಂತೆ ಕಾಣುವ ಬಾಳೆ ಇಲ್ಲಿಯದು. ಕಮಲಾಪುರ ಕೆಂಪು ಬಾಳೆಗೂ ಭೌಗೋಳಿಕ ಗುರುತು ಇದೆ. ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷದ ತನಕ ಸತಾಯಿಸುತ್ತದೆ. ಗೊಬ್ಬರ, ನೀರು, ಕೂಲಿ ಎಲ್ಲಕ್ಕೂ ಕೈ ಬಿಚ್ಚಬೇಕು. ಅದಕ್ಕೇ ಸಿರಿವಂತರ ಹಣ್ಣು ಎಂಬ ಹೆಸರು. ಹಣ್ಣು ಬಿಡಿಸಿದರೆ ಒಳಗೆ ತಿಳಿಗೆನೆ ಬಣ್ಣ, ದಟ್ಟ ಪರಿಮಳ. ಹೆಂಡತಿ ಎರಡು ಡಜನ್ ಕೊಂಡಳು. ಬೆಲೆ ಕೇಳಿ ನನ್ನ ಬಿಪಿ ಏರಿದ್ದಕ್ಕೆ ಹಣ್ಣಿನಲ್ಲಿರುವ ಪೊಟ್ಯಾಸಿಯಂ ಪರಿಹಾರವಂತೆ.

ಅತ್ತೆಗೆ ಎಪ್ಪತ್ತೆಂಟು. ಮೊಮ್ಮಗ ಪಾಕೀಟು ಕತ್ತರಿಸಿ ಒಂದು ಬಿಲ್ಲೆ ಎತ್ತಿ ಹಾಗೇ ಬಾಯಿಗಿಟ್ಟುಕೊಳ್ಳುವುದನ್ನು ನೋಡಿ ಹೌಹಾರಿದಳು. “ಹಸೀದು ತಿಂತೀ ಏನೋ?” ಬೆಂದದ್ದೇ ಎಂದು ಎಷ್ಟು ಹೇಳಿದರೂ ಕೇಳದೆ, ರೊಟ್ಟಿ ಇಳಿಸಿದ ಹಂಚಿನ ಮೇಲೆ ನಾಲ್ಕು ಬಿಲ್ಲೆ ಹರವಿದಳು. ಇದೊಂದು ವಿಷಯದಲ್ಲಿ ವೈದ್ಯರು ಅತ್ತೆಯ ಪಕ್ಷ. ಲಿಸ್ಟೀರಿಯಾ ಎಂಬ ಸೂಕ್ಷ್ಮಾಣು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ, ಬಸುರಿ ಹೆಂಗಸರು ಇಂಥ ಮಾಂಸವನ್ನು ಚೆನ್ನಾಗಿ ಕಾಯಿಸದೆ ತಿನ್ನಬಾರದು ಎನ್ನುತ್ತಾರೆ. ಹಂಚಿನ ಮೇಲೆ ಬಿಲ್ಲೆಗಳು ಚುರುಗುಟ್ಟಿದವು. ಅಂಚು ಮೇಲೆದ್ದು ಒಂದೊಂದೂ ಪುಟ್ಟ ಬಟ್ಟಲಾಯಿತು. ಬಟ್ಟಲಿನ ತುಂಬ ಅದರದೇ ಜಿಡ್ಡು. ಅತ್ತೆ ಬಗ್ಗಿ ನೋಡಿ, “ನಾಚಿ ಮುದುಡಿತು ನೋಡು” ಅಂದಳು.

ತಿಂದಳು. ಎರಡು ಬಿಲ್ಲೆ. “ಛಲೋ ಅದ. ಆದ್ರ ಇದರಾಗ ಕೋಳಿ ಎಲ್ಲದ?” ಎಂದು ಕೇಳಿ, ಎದ್ದು ಒಳಗೆ ಹೋಗಿ, ನೆಲುವಿನಿಂದ ಒಂದು ಡಬ್ಬಿ ಇಳಿಸಿಕೊಂಡು ಬಂದಳು. ಅರಿವೆಯ ಗಂಟು ಬಿಚ್ಚಿದರೆ ಒಳಗೆ ಉಪ್ಪುಖಂಡ. ಕರ್ರಗೆ, ಕಟ್ಟಿಗೆ ಚಕ್ಕೆಯಂತೆ, ಒಂದಕ್ಕೊಂದು ತಾಗಿದರೆ ಟಣ್ ಎನ್ನುವಂಥದು.

ಕುರಿಯ ಮಾಂಸವನ್ನು ಉದ್ದುದ್ದ ಎಳೆಯಾಗಿ ಸೀಳಿ, ಉಪ್ಪು, ಅರಿಶಿನ, ಖಾರ, ಬೆಳ್ಳುಳ್ಳಿ ತಿಕ್ಕಿ, ಅಂಗಳದಲ್ಲಿ ಹಗ್ಗ ಕಟ್ಟಿ ಒಗೆದ ಬಟ್ಟೆಯಂತೆ ನೇತುಹಾಕುವುದು. ಕಾಗೆ ಕಾಯಲು ಕೋಲು ಕೊಟ್ಟು ಒಬ್ಬ ಹುಡುಗನನ್ನು ಕೂರಿಸುವುದು. ಆ ಹುಡುಗನ ಕೆಲಸವನ್ನು ಮದುವೆಯಾದ ಹೊಸತರಲ್ಲಿ ನಾನೂ ಮಾಡಿದ್ದೇನೆ. ಅಳಿಯನಿಗೆ ಕೊಟ್ಟ ಮರ್ಯಾದೆ ಎಂದೇ ಆಗ ತಿಳಿದಿದ್ದೆ. ಮೂರು ನಾಲ್ಕು ಬಿಸಿಲಿಗೆ ನೀರೆಲ್ಲ ಹಾರಿ ಮಾಂಸ ಅರ್ಧಕ್ಕಿಂತ ಕಡಿಮೆ ತೂಗುತ್ತದೆ. ಕಲಬುರಗಿಯ ನಮ್ಮ ಎದುರುಮನೆಯ ಮಾಳಿಗೆಯ ಮೇಲೂ ಬಕ್ರೀದ್ ಆದ ವಾರ ಇದೇ ದೃಶ್ಯ. ಅವರು ಅದನ್ನು ಸೂಖಾ ಗೋಷ್ತ್ ಅಂತಾರೆ, ದಾಲ್ಚಾಕ್ಕೆ ಹಾಕುತ್ತಾರೆ. ಕಾಗೆಗಳು ಎರಡೂ ಮನೆಗೆ ಸಮನಾಗಿ ಬರುತ್ತವೆ.

ಆಗ ಹುಡುಗ ಫೋನಿನಲ್ಲಿ ಏನೋ ನೋಡಿ ನಕ್ಕ. ಇಟಲಿಯಲ್ಲಿ ‘ಸಾಲೆ’ ಅಂದರೆ ಉಪ್ಪು, ಸಲಾಮಿ ಅಂದರೆ ಉಪ್ಪು ಹಾಕಿದ್ದು. ಅಂದರೆ ಅಪ್ಪಟ ಕನ್ನಡದಲ್ಲಿ ಉಪ್ಪುಖಂಡವೇ! ಸಾವಿರಾರು ಮೈಲಿಯಿಂದ ಐಸು ಹೊದ್ದು ಬಂದ ಅತಿಥಿ ಅಜ್ಜಿಯ ನೆಲುವಿನ ಮೇಲೆ ತನ್ನ ಹೆಸರಿನವನನ್ನೇ ಕಂಡ ಹಾಗಾಯಿತು.

ಸಲಾಮಿಯ ದಾಯಾದಿ ಸಾಸೇಜಿನ ಕಥೆ ಇನ್ನೂ ಹತ್ತಿರದ್ದು. ಕಮಲಾಪುರದಿಂದ ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಅಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ‘ಮಾನಸೋಲ್ಲಾಸ’ ಬರೆಸಿದ. ಅದರ ಅನ್ನಭೋಗದ ಭಾಗದಲ್ಲಿ ಮಂಡಲೀಯ ಎಂಬ ಅಡುಗೆಯಿದೆ. ತೊಳೆದ ಕರುಳಿನ ಕೊಳವೆಗೆ ಮಜ್ಜೆ, ಮಸಾಲೆ ತುಂಬಿ ಕೆಂಡದ ಮೇಲೆ ಸುಡುವುದು. ಹೊಲದ ಇಲಿಯನ್ನು ಹುರಿಯುವ ಬಗೆಯೂ ಅಲ್ಲೇ ಇದೆ. ಅದನ್ನು ಹೆಂಡತಿಯ ಮುಂದೆ ಹೇಳಲಿಲ್ಲ. ಇನ್ನೊಂದು ಪೀಳಿಗೆ ಕಳೆಯುವುದರೊಳಗೆ ಅದೇ ಕಲ್ಯಾಣಕ್ಕೆ ಶರಣರು ಬಂದು ಊಟದ ಲೆಕ್ಕವನ್ನೇ ಬದಲಾಯಿಸಿದರು. ಹೀಗಾಗಿ ಸಾಸೇಜು ಪರದೇಶಿ ತಿಂಡಿ, ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಮೀಸೆ ತಿರುವಿದರೆ ನಾನು ಒಪ್ಪುವವನಲ್ಲ. ಗೊತ್ತಿತ್ತು. ದಿನಾ ಬೆಳಿಗ್ಗೆ ಬ್ರೆಡ್ಡಿನ ನಡುವೆ ಇಟ್ಟುಕೊಂಡು ಬಸ್ಸಿಗೆ ಓಡುತ್ತಿರಲಿಲ್ಲ, ಅಷ್ಟೆ.

ಇನ್ನು ಕ್ಯಾನ್ಸರಿನ ಮಾತು. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹತ್ತು ದೇಶಗಳ 22 ತಜ್ಞರನ್ನು ಕೂರಿಸಿ, ಸಂಸ್ಕರಿಸಿದ ಮಾಂಸವನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ ಸೇರಿಸಿತು. ತಂಬಾಕೂ ಅದೇ ಗುಂಪಿನಲ್ಲಿದೆ. ಸಲಾಮಿ ತಿಂದರೆ ಸಿಗರೇಟು ಸೇದಿದಂತೆ ಎಂದು ಅಂದಿನಿಂದ ವಾಟ್ಸಾಪಿನಲ್ಲಿ ಹುಯಿಲು. ಹಾಗಲ್ಲ. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಒಂದೇ ಬೋಗಿಯಲ್ಲಿ ಕೂತವರೆಲ್ಲ ಬೀದರಿಗೇ ಹೋಗುವುದಿಲ್ಲ. ನಾವು ಕಮಲಾಪುರದಲ್ಲೇ ಇಳಿದೆವಲ್ಲ. ಅವರ ಲೆಕ್ಕ ಇಷ್ಟು: ದಿನಾ 50 ಗ್ರಾಂ ತಿಂದರೆ ದೊಡ್ಡಕರುಳಿನ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇಕಡಾ 18ರಷ್ಟು ಹೆಚ್ಚು. ನೂರರಲ್ಲಿ ಐದು ಜನಕ್ಕೆ ಬರುವುದಿದ್ದರೆ ಅದು ಆರರ ಹತ್ತಿರಕ್ಕೆ ಹೋಗುತ್ತದೆ. ಹೆದರಿ ಊರು ಬಿಡುವಂಥದಲ್ಲ. ಆದರೆ ಆ ಆರನೆಯವನು ನಾನೇ ಆದರೆ ಶೇಕಡಾವಾರು ಲೆಕ್ಕ ಯಾರಿಗೆ ಬೇಕು?

ಇಲ್ಲೊಂದು ಮುಜುಗರವಿದೆ, ಮುಚ್ಚಿಡುವುದು ಸರಿಯಲ್ಲ. ಆ ತಜ್ಞರ ಪ್ರಕಾರ ಉಪ್ಪು ಹಚ್ಚಿ, ಹೊಗೆ ಹಾಕಿ, ಹುದುಗಿಸಿ ಕೆಡದಂತೆ ಮಾಡಿದ ಮಾಂಸವೆಲ್ಲ ‘ಸಂಸ್ಕರಿಸಿದ್ದೇ’. ಅಂದಮೇಲೆ ಅತ್ತೆಯ ಡಬ್ಬಿಯೂ ಕಟಕಟೆಗೆ ಬರಬೇಕು. ಐಎನ್ಎಸ್ 250 ಇಲ್ಲ, ಖರೆ. ಉಪ್ಪು ಮಾತ್ರ ಸಲಾಮಿಗೆ ಪಾಠ ಹೇಳುವಷ್ಟಿದೆ. ಅತ್ತೆ ಎಪ್ಪತ್ತೆಂಟರಲ್ಲೂ ಗಟ್ಟಿಯಾಗಿದ್ದಾಳೆ ಎಂಬುದು ಸಾಕ್ಷಿಯಲ್ಲ. ಒಬ್ಬಳು ಅತ್ತೆ ಸಂಶೋಧನೆ ಆಗುವುದಿಲ್ಲ, ಎಷ್ಟೇ ಘನವಾದ ಅತ್ತೆಯಾದರೂ.

ಆದರೆ ಅವಳು ಅಡುಗೆ ಮಾಡುವುದನ್ನು ನೋಡಿದೆ. ಡಬ್ಬಿಯಿಂದ ತೆಗೆದದ್ದು ಒಂದೇ ಹಿಡಿ. ಅದನ್ನು ಬಿಸಿನೀರಲ್ಲಿ ನೆನೆಹಾಕಿ ಉಪ್ಪಿನ ನೀರನ್ನು ಚೆಲ್ಲಿ, ಕಲ್ಲಿನ ಮೇಲಿಟ್ಟು ಗುಂಡಿನಿಂದ ಕುಟ್ಟಿ ನಾರು ನಾರು ಮಾಡಿದಳು. ದೊಡ್ಡ ಪಾತ್ರೆಯಲ್ಲಿ ತೊಗರಿಬೇಳೆ, ಅದರ ಎರಡು ಪಟ್ಟು ಪುಂಡಿಪಲ್ಯ. ಬೇರೆ ಉಪ್ಪು ಹಾಕಲೇ ಇಲ್ಲ. ಎಂಟು ಮಂದಿ ರೊಟ್ಟಿ ಮುರಿದುಕೊಂಡು ಉಂಡೆವು. ನನ್ನ ಪಾಲಿಗೆ ಬಂದ ಖಂಡ ನಾಲ್ಕು ಎಳೆ, ಎಣಿಸಿದ್ದೇನೆ. ಪುಂಡಿಯ ಹುಳಿಗೆ ಆ ನಾಲ್ಕು ಎಳೆ ಕೊಟ್ಟ ಘಮವೇ ಬೇರೆ. ಮಾಂಸ ಅಲ್ಲಿ ಊಟವಲ್ಲ, ಒಗ್ಗರಣೆ. ಪಾಕೀಟಿನ ಬಿಲ್ಲೆಗೆ ಈ ಒಗ್ಗರಣೆಯ ವಿದ್ಯೆ ಗೊತ್ತಿಲ್ಲ. ಅದು ಬ್ರೆಡ್ಡಿನ ಮೇಲೆ ಕೂತು ತಾನೇ ಊಟ ಎನ್ನುತ್ತದೆ. ತೆಳ್ಳಗಿರುವುದರಿಂದ ಎರಡು ತಿಂದದ್ದು ಗೊತ್ತಾಗುವುದಿಲ್ಲ, ನಾಲ್ಕಾಗುತ್ತದೆ. ಬೇಯಿಸುವ ರಗಳೆಯಿಲ್ಲದ್ದರಿಂದ ನಾಳೆಯೂ ಆಗುತ್ತದೆ. ನನ್ನ ತಕರಾರು ಇರುವುದು ಈ ‘ನಾಳೆಯೂ’ ಎಂಬಲ್ಲಿ.

ಹುಡುಗ ಇದನ್ನೆಲ್ಲ ಕೇಳಿ “ಹಂಗಾದ್ರ ತಿನ್ಬೇಕೋ ಬ್ಯಾಡೋ, ಒಂದು ಮಾತಿನಾಗ ಹೇಳ್ರಿ ಮಾಮಾ” ಅಂದ. ಉತ್ತರ ಕೊಟ್ಟವಳು ಅತ್ತೆ: “ಬೀಗರು ಬಂದಂಗ ಬಂದು ಹೋಗ್ಲಿ. ಮನಿಅಳಿಯ ಆಗಬಾರ್ದು ನೋಡು.” ಹೇಳುವಾಗ ನನ್ನ ಕಡೆ ನೋಡಲಿಲ್ಲ. ಆ ಉಪಕಾರಕ್ಕೆ ನಾನು ಋಣಿ.

ಹೊರಡುವಾಗ ಅವನ ಬೆಳ್ಳಿ ಚೀಲಕ್ಕೆ ಒಂದು ಡಜನ್ ಕೆಂಪು ಬಾಳೆ, ಒಂದು ಸಣ್ಣ ಡಬ್ಬಿ ಉಪ್ಪುಖಂಡ ತುಂಬಿದರು. ತಣ್ಣಗಿಟ್ಟರೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ಐಸು ಹಾಕಬೇಡ ಎಂದು ನಾನೂ ಒಂದು ಬುದ್ಧಿ ಹೇಳಿದೆ. ಹಣ್ಣು ಬೆಂಗಳೂರು ಮುಟ್ಟಲೇ ಇಲ್ಲವಂತೆ, ರೈಲಿನಲ್ಲೇ ಮುಗಿದವು. ಮೊನ್ನೆ ದೀಪಾವಳಿಗೆ ಫೋನು ಮಾಡಿದಾಗ ಕೇಳಿದೆ: ಉಪ್ಪುಖಂಡದ ಡಬ್ಬಿ ಇನ್ನೂ ಅರ್ಧ ಹಾಗೇ ಇದೆಯಂತೆ.